ಮೆಥಡೋನ್ ಬಿಡಿಸಲು ಮೂರು ವಾರ ಸಾಕೇ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನನ್ನ ತಮ್ಮ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿದ್ದಾನೆ. ಬೆನ್ನುನೋವಿಗೆಂದು ಶುರುವಾದ ಮಾತ್ರೆ ಕೊನೆಗೆ ಬೀದಿಯಲ್ಲಿ ಸಿಗುವ ಫೆಂಟನಿಲ್ ಎಂಬ ತೀವ್ರ ಮಾದಕದವರೆಗೆ ಹೋಯಿತು. ಒಂದೂವರೆ ವರ್ಷದಿಂದ, ಆ ಚಟಕ್ಕೆ ಚಿಕಿತ್ಸೆಯಾಗಿ ಕೊಡುವ ಮೆಥಡೋನ್ ಎಂಬ ಔಷಧವನ್ನು ದಿನಕ್ಕೆ 90 ಮಿ.ಗ್ರಾಂ ಕುಡಿಯುತ್ತಿದ್ದಾನೆ, ಈಗ ಕೆಲಸಕ್ಕೂ ಹೋಗುತ್ತಾನೆ. ಮೇ ತಿಂಗಳಲ್ಲಿ ಮನೆಯ ಮದುವೆಗೆ ಮೂರು ವಾರ ದಾವಣಗೆರೆಗೆ ಬರುತ್ತಾನೆ. "ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದ್ದಾರೆ. ಬಂದಾಗ ಇಲ್ಲೇ ಯಾವುದಾದರೂ ವ್ಯಸನಮುಕ್ತಿ ಕೇಂದ್ರಕ್ಕೆ ಹಾಕಿ ಪೂರ್ತಿ ಬಿಡಿಸಿಬಿಡೋಣ" ಎಂದು ಅಪ್ಪಾಜಿ ಹಟ ಹಿಡಿದಿದ್ದಾರೆ. ಈ ಚಿಕಿತ್ಸೆಗೆ ನಿಜವಾಗಿ ಆಧಾರ ಇದೆಯೇ? ಎಷ್ಟು ವರ್ಷ ತೆಗೆದುಕೊಳ್ಳಬೇಕು? ಅವನು ಇಲ್ಲಿರುವಾಗ ನಾವು ಏನು ನೋಡಿಕೊಳ್ಳಬೇಕು?

ಉತ್ತರ: ನೇರವಾಗಿ ಹೇಳುತ್ತೇನೆ, ಮೂರು ವಾರದಲ್ಲಿ ಬಿಡಿಸುವ ಯೋಚನೆ ಕೈಬಿಡಿ. ಮೆಥಡೋನ್ ಕುರಿತು ಅರವತ್ತು ವರ್ಷಗಳಿಂದ ನಡೆದ ಸಂಶೋಧನೆಯಲ್ಲಿ ಜೀವಕ್ಕೆ ಅಪಾಯ ಏರುವ ಕಾಲ ಎರಡು. ಒಂದು, ಔಷಧ ಶುರುಮಾಡಿದ ಮೊದಲ ನಾಲ್ಕು ವಾರ. ಇನ್ನೊಂದು, ನಿಲ್ಲಿಸಿದ ಮೇಲಿನ ವಾರಗಳು. ನಿಮ್ಮ ತಮ್ಮ ಮೊದಲನೆಯದನ್ನು ದಾಟಿ ಬಂದಿದ್ದಾನೆ. ಎರಡನೆಯದಕ್ಕೆ ಅವನನ್ನು ಮನೆಯವರೇ ದೂಡುವುದು ಬೇಡ.

ಕಾರಣ ಸರಳ. ಮೂರು ವಾರ ಔಷಧವಿಲ್ಲದೆ ಇದ್ದರೆ ದೇಹ ಓಪಿಯಾಯ್ಡ್‌ಗಳಿಗೆ (ಹೆರಾಯಿನ್, ಫೆಂಟನಿಲ್, ಮೆಥಡೋನ್ ಮುಂತಾದ ಅಫೀಮಿನ ಬಗೆಯ ವಸ್ತುಗಳಿಗೆ) ಬೆಳೆಸಿಕೊಂಡಿದ್ದ ತಾಳಿಕೆ ಇಳಿಯುತ್ತದೆ, ಆದರೆ ತುಡಿತ ಇಳಿಯುವುದಿಲ್ಲ. ಅವನು ವಾಪಸು ಹೋಗುವುದು ಬೀದಿಯಲ್ಲಿ ಫೆಂಟನಿಲ್ ಹರಿದಾಡುವ ಪ್ರಾಂತ್ಯಕ್ಕೆ. ಹಿಂದೆ ತಡೆದುಕೊಳ್ಳುತ್ತಿದ್ದ ಪ್ರಮಾಣವನ್ನೇ ಒಮ್ಮೆ ತೆಗೆದುಕೊಂಡರೂ ಉಸಿರು ನಿಲ್ಲಬಹುದು. ಇದು ಊಹೆಯಲ್ಲ. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಶ್ಲೇಷಣೆಯೊಂದು ಹಲವು ದೇಶಗಳ ಅಧ್ಯಯನಗಳಿಂದ ಮೆಥಡೋನ್ ಪಡೆದ 1,22,885 ಜನರ ಲೆಕ್ಕ ಕೂಡಿಸಿ ನೋಡಿತು. ಚಿಕಿತ್ಸೆಯಲ್ಲಿದ್ದ ಅವಧಿಯಲ್ಲಿ ಸಾವಿರ ಜನರಿಗೆ ವರ್ಷಕ್ಕೆ 11.3 ಸಾವು, ಚಿಕಿತ್ಸೆ ಬಿಟ್ಟ ಅವಧಿಯಲ್ಲಿ 36.1. ಓವರ್‌ಡೋಸ್‌ನಿಂದ ಆದ ಸಾವನ್ನಷ್ಟೇ ತೆಗೆದುಕೊಂಡರೆ 2.6 ಮತ್ತು 12.7, ಅಂದರೆ ಸುಮಾರು ಐದು ಪಟ್ಟು.

ಈ ಬಗೆಯ ಲೆಕ್ಕಕ್ಕೆ ಒಂದು ಆಕ್ಷೇಪ ಇದೆ, ನ್ಯಾಯವಾದದ್ದೇ. ಚಿಕಿತ್ಸೆ ಬಿಡುವವರಲ್ಲಿ ಮೊದಲೇ ಪರಿಸ್ಥಿತಿ ಹದಗೆಟ್ಟವರು ಹೆಚ್ಚಿರಬಹುದು, ಸಾವಿನ ವ್ಯತ್ಯಾಸವೆಲ್ಲ ಔಷಧದಿಂದಲೇ ಬಂತು ಎನ್ನಲಾಗದು. ಹಾಗಾಗಿ ಚೀಟಿ ಎತ್ತಿ ಗುಂಪು ಹಂಚಿದ ಪ್ರಯೋಗಗಳನ್ನು ನೋಡಬೇಕು. ಅವುಗಳಲ್ಲಿ ನಿಮ್ಮ ಪ್ರಶ್ನೆಗೆ ಅತ್ಯಂತ ಹತ್ತಿರದ್ದು ಹಾಂಗ್‌ಕಾಂಗ್‌ನದು, ಪ್ರಕಟವಾದದ್ದು 1979ರಲ್ಲಿ, ನಡೆಸಿದವರು ನ್ಯೂಮನ್ ಮತ್ತು ವಿಟ್‌ಹಿಲ್. ಹೆರಾಯಿನ್ ವ್ಯಸನದ 100 ಜನರನ್ನು ಮೊದಲು ದಿನಕ್ಕೆ 60 ಮಿ.ಗ್ರಾಂ ಮೆಥಡೋನ್‌ಗೆ ಹೊಂದಿಸಿದರು. ಆಮೇಲೆ ಅರ್ಧ ಜನಕ್ಕೆ ಮೆಥಡೋನ್ ಮುಂದುವರಿಸಿ, ಉಳಿದರ್ಧ ಜನಕ್ಕೆ ದಿನಕ್ಕೆ 1 ಮಿ.ಗ್ರಾಂನಂತೆ ಇಳಿಸುತ್ತ ಬರಿಯ ದ್ರವಕ್ಕೆ ತಂದರು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. 32 ವಾರ ಕಳೆದಾಗ ಮೆಥಡೋನ್ ಗುಂಪಿನಲ್ಲಿ ಶೇ. 76 ಜನ ಉಳಿದಿದ್ದರು, ಇನ್ನೊಂದರಲ್ಲಿ ಶೇ. 10. ಮೂರು ವರ್ಷಕ್ಕೆ ಶೇ. 56 ಮತ್ತು ಶೇ. 2.

ಈಗ ನಿಮ್ಮ ಮನೆಯ ಯೋಜನೆಯ ಲೆಕ್ಕ ಹಾಕಿ. 90 ಮಿ.ಗ್ರಾಂ ಅನ್ನು 21 ದಿನದಲ್ಲಿ ಸೊನ್ನೆಗೆ ತರಬೇಕಾದರೆ ದಿನಕ್ಕೆ 4 ಮಿ.ಗ್ರಾಂಗಿಂತ ಹೆಚ್ಚು ಇಳಿಸಬೇಕು. ಹಾಂಗ್‌ಕಾಂಗ್‌ನಲ್ಲಿ ಹತ್ತರಲ್ಲಿ ಒಂಬತ್ತು ಜನ ಹೊರಬಿದ್ದದ್ದು ದಿನಕ್ಕೆ 1 ಮಿ.ಗ್ರಾಂ ಇಳಿಸಿದಾಗ.

ಸ್ವೀಡನ್‌ನಲ್ಲಿ ಗುನ್ನೆ ಮತ್ತು ಗ್ರೋನ್‌ಬ್ಲಾಡ್ 1981ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಚಿಕ್ಕದು. 34 ಜನರಲ್ಲಿ 17 ಮಂದಿಗೆ ಮೆಥಡೋನ್, 17 ಮಂದಿಗೆ ಔಷಧವಿಲ್ಲದ ಚಿಕಿತ್ಸೆ. ಎರಡು ವರ್ಷದ ನಂತರ ಮೊದಲ ಗುಂಪಿನಲ್ಲಿ 12 ಜನ ಸುಸ್ಥಿತಿಯಲ್ಲಿದ್ದರು, ಎರಡನೆಯದರಲ್ಲಿ ಒಬ್ಬರು. ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿದ, ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಜಾಲದ ಸಮೀಕ್ಷೆ 2009ರಲ್ಲಿ ಹೇಳಿದ ಮಾತು ಅಳೆದು ತೂಗಿದ್ದು. 11 ಪ್ರಯೋಗ, 1,969 ಜನ. ಚಿಕಿತ್ಸೆಯಲ್ಲಿ ಉಳಿಯುವುದರಲ್ಲಿ, ಹೆರಾಯಿನ್ ಬಳಕೆ ತಗ್ಗುವುದರಲ್ಲಿ ಮೆಥಡೋನ್ ಸ್ಪಷ್ಟವಾಗಿ ಮೇಲು. ಅಪರಾಧ ಮತ್ತು ಸಾವಿನ ವಿಷಯದಲ್ಲಿ ಮಾತ್ರ ಪ್ರಯೋಗಗಳ ಗಾತ್ರ ಚಿಕ್ಕದಾಗಿ ಖಚಿತ ತೀರ್ಪು ಸಿಗಲಿಲ್ಲ. ಸಾವಿನ ಪುರಾವೆಗೆ ಮೇಲೆ ಹೇಳಿದ ದೊಡ್ಡ ಲೆಕ್ಕಗಳನ್ನೇ ನೆಚ್ಚಬೇಕು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಚಿಕಿತ್ಸೆಯ ವಿರುದ್ಧ ವಾದಿಸಲು ಹೆಚ್ಚೇನೂ ಉಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಪ್ರಯೋಜನ ಸೂಜಿ ಹಂಚಿಕೊಳ್ಳುವವರಿಗೆ ಸಂಬಂಧಿಸಿದ್ದು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರಂಭದಲ್ಲಿ ಎಚ್‌ಐವಿ ಇಲ್ಲದವರನ್ನು 18 ತಿಂಗಳು ಹಿಂಬಾಲಿಸಿದಾಗ ಮೆಥಡೋನ್‌ನಲ್ಲಿದ್ದವರಲ್ಲಿ ಶೇ. 3.5 ಜನಕ್ಕೆ, ಚಿಕಿತ್ಸೆಯ ಹೊರಗಿದ್ದವರಲ್ಲಿ ಶೇ. 22 ಜನಕ್ಕೆ ಸೋಂಕು ತಗುಲಿತ್ತು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅತ್ಯಗತ್ಯ ಔಷಧಗಳ ಪಟ್ಟಿಗೆ ಮೆಥಡೋನ್ ಮತ್ತು ಇದೇ ಚಿಕಿತ್ಸೆಗೆ ಬಳಸುವ ಇನ್ನೊಂದು ಔಷಧ ಬುಪ್ರಿನಾರ್ಫಿನ್ ಎರಡನ್ನೂ ಸೇರಿಸಿತು.

"ಒಂದು ಚಟ ಹೋಗಿ ಇನ್ನೊಂದು"

ಅಪ್ಪಾಜಿಯವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಮೆಥಡೋನ್ ಕೂಡ ಓಪಿಯಾಯ್ಡ್. ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ, ಹಠಾತ್ತಾಗಿ ನಿಲ್ಲಿಸಿದರೆ ಹಿಂತೆಗೆತದ ಲಕ್ಷಣ, ಅಂದರೆ ಔಷಧ ತಪ್ಪಿದ ದೇಹ ಪಡುವ ಸಂಕಟ, ಬರುತ್ತದೆ. ಆದರೆ ಒಗ್ಗಿಕೊಳ್ಳುವುದು ಬೇರೆ, ಚಟ ಬೇರೆ. ಕೆಲಸ, ದುಡ್ಡು, ಮನೆ, ಆರೋಗ್ಯ ಎಲ್ಲ ಹಾಳಾಗುವುದು ಕಂಡರೂ ಬಿಡಲಾಗದೆ ಅದರ ಹಿಂದೆ ಓಡುವುದು ಚಟ. ನಿಮ್ಮ ತಮ್ಮ ಬೆಳಗ್ಗೆ ಒಂದು ಸಲ ಔಷಧ ಕುಡಿದು ಕೆಲಸಕ್ಕೆ ಹೋಗುತ್ತಾನೆ.

ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ವೇಗದಿಂದ. ಚುಚ್ಚಿಕೊಂಡ ಹೆರಾಯಿನ್, ಹೊಗೆಯಾಗಿ ಎಳೆದ ಫೆಂಟನಿಲ್ ಕ್ಷಣಗಳಲ್ಲಿ ಮಿದುಳಿಗೆ ತಲುಪಿ ಅಮಲೇರಿಸಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಇಳಿದ ಕೂಡಲೆ ಸಂಕಟ, ಮತ್ತೆ ಹುಡುಕಾಟ. ದಿನಕ್ಕೆ ಹಲವು ಸಲ ಇದೇ ಏರಿಳಿತ. ಕುಡಿದ ಮೆಥಡೋನ್ ರಕ್ತದಲ್ಲಿ ಗರಿಷ್ಠ ಮಟ್ಟಕ್ಕೆ ಬರಲು 2ರಿಂದ 4 ಗಂಟೆ ಬೇಕು. ಅದರ ಅರ್ಧ ಪಾಲು ಕರಗಲು ಹೆಚ್ಚಿನವರಲ್ಲಿ 24ರಿಂದ 36 ಗಂಟೆ. ಹಾಗಾಗಿ ದಿನಕ್ಕೊಂದು ಸಲ ಸಾಕು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ 1965ರಲ್ಲಿ 22 ರೋಗಿಗಳ ವರದಿ ಪ್ರಕಟಿಸಿದಾಗ ಎತ್ತಿ ತೋರಿಸಿದ್ದು ಇದನ್ನೇ. ಮರುವರ್ಷ ಮೇರಿ ಜೀನ್ ಕ್ರೀಕ್ ಜೊತೆ ಅವರು ಇನ್ನೊಂದು ಅಂಶ ತೋರಿಸಿದರು. ಸಾಕಷ್ಟು ಪ್ರಮಾಣದಲ್ಲಿ ಮೆಥಡೋನ್ ಇದ್ದರೆ ಅದರ ಮೇಲೆ ಹೆರಾಯಿನ್ ಚುಚ್ಚಿದರೂ ಅಮಲು ಹತ್ತುವುದಿಲ್ಲ. ಓಪಿಯಾಯ್ಡ್ ಬಂದು ಕೂರುವ ಮಿದುಳಿನ ಜಾಗಗಳು, ಅಂದರೆ ಗ್ರಾಹಕಗಳು, ಮೊದಲೇ ತುಂಬಿರುತ್ತವೆ, ದೇಹದ ತಾಳಿಕೆಯೂ ಎತ್ತರದಲ್ಲಿರುತ್ತದೆ.

90 ಮಿ.ಗ್ರಾಂ ಹೆಚ್ಚಾಯಿತೇ?

ಇಲ್ಲ. "ಕಡಿಮೆ ಇದ್ದಷ್ಟೂ ಒಳ್ಳೆಯದು" ಎಂಬ ನಂಬಿಕೆಯಿಂದಲೇ ಹಲವು ದೇಶಗಳಲ್ಲಿ ದಶಕಗಟ್ಟಲೆ ಈ ಚಿಕಿತ್ಸೆ ಸೊರಗಿತು. 30–40 ಮಿ.ಗ್ರಾಂ ಕೊಟ್ಟು, ರೋಗಿ ಮತ್ತೆ ಹೆರಾಯಿನ್‌ಗೆ ಹೋದ ಮೇಲೆ ಔಷಧವನ್ನೇ ದೂರುವುದು. 1993ರಲ್ಲಿ ಬಾಲ್ಟಿಮೋರ್‌ನ ಪ್ರಯೋಗವೊಂದು 247 ಜನರನ್ನು 0, 20, 50 ಮಿ.ಗ್ರಾಂ ಎಂದು ಹಂಚಿ ನೋಡಿತು. 20 ವಾರದ ಹೊತ್ತಿಗೆ ಉಳಿದವರು ಕ್ರಮವಾಗಿ ಶೇ. 21, ಶೇ. 41.5, ಶೇ. 52.4. ಅದೇ ತಂಡ 1999ರಲ್ಲಿ 40–50 ಮತ್ತು 80–100 ಮಿ.ಗ್ರಾಂ ಹೋಲಿಸಿದಾಗಲೂ ಹೆಚ್ಚಿನ ಪ್ರಮಾಣದವರೇ ಬೀದಿಯ ಓಪಿಯಾಯ್ಡ್ ಕಡಿಮೆ ಬಳಸಿದರು, ಆದರೆ ಅಂತರ ಅಷ್ಟೇನೂ ದೊಡ್ಡದಿರಲಿಲ್ಲ. ಇವನ್ನೆಲ್ಲ ಕೂಡಿಸಿ ನೋಡಿದವರು ಬಹುತೇಕರಿಗೆ 60ರಿಂದ 100 ಮಿ.ಗ್ರಾಂ ಸರಿಯಾದ ವಲಯ ಎನ್ನುತ್ತಾರೆ. ಇದು ಹೆರಾಯಿನ್ ಕಾಲದ ಲೆಕ್ಕ. ಫೆಂಟನಿಲ್ ಬಳಸಿದವರಿಗೆ 100 ದಾಟುವುದೂ ಅಪರೂಪವಲ್ಲ.

ಸಂಖ್ಯೆಗಿಂತ ಲಕ್ಷಣ ನೋಡಿ. ಮುಂದಿನ ಡೋಸ್‌ಗೆ ಮುಂಚೆ, ಅಂದರೆ 20–24ನೇ ಗಂಟೆಯಲ್ಲಿ, ಆಕಳಿಕೆ, ಮೂಗು ಸೋರುವುದು, ಮೈ ಜುಮ್ಮೆನ್ನುವುದು, ಹೊಟ್ಟೆ ನುಲಿಯುವುದು, ನಿದ್ದೆ ಒಡೆಯುವುದು ಇದ್ದರೆ ಡೋಸ್ ಸಾಲದು. ಕುಡಿದ ಮೂರ್ನಾಲ್ಕು ಗಂಟೆಗೆ ಮಾತಿನ ನಡುವೆಯೇ ತೂಕಡಿಸಿದರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ಹೆಚ್ಚಾಗಿದೆ. ಬರಿಯ ಬೆವರು ಮಾತ್ರ ಮೋಸದ ಲಕ್ಷಣ. ಡೋಸ್ ಸರಿಯಿದ್ದರೂ ಮೆಥಡೋನ್ ಬೆವರು ತರಿಸುತ್ತದೆ, ದಾವಣಗೆರೆಯ ಮೇ ತಿಂಗಳಲ್ಲಿ ಕೇಳಬೇಕೇ?

ಶುರುವಿನ ವಾರಗಳು ಏಕೆ ಅಪಾಯ ಎಂಬುದನ್ನೂ ತಿಳಿದಿರಿ, ಏಕೆಂದರೆ ಡೋಸ್ ತಪ್ಪಿದರೆ ಇದೇ ಅಪಾಯ ವಾಪಸು ಬರುತ್ತದೆ. ಮೊದಲ ದಿನ ಸಾಮಾನ್ಯವಾಗಿ 10ರಿಂದ 30 ಮಿ.ಗ್ರಾಂ ಕೊಡುತ್ತಾರೆ. ದಿನವೂ ಅದೇ 30 ಕೊಟ್ಟರೂ ದೇಹದಲ್ಲಿ ಇರುವುದು 30 ಅಲ್ಲ. ಕೆಳಗೆ ಸಣ್ಣ ತೂತಿರುವ ಕೊಳಗಕ್ಕೆ ದಿನಾ ಒಂದು ಚೊಂಬು ನೀರು ಸುರಿದ ಹಾಗೆ, ಸೋರಿಕೆಗಿಂತ ಸುರಿತ ಹೆಚ್ಚಿರುವ ತನಕ ಮಟ್ಟ ಏರುತ್ತಲೇ ಹೋಗುತ್ತದೆ. ಅರ್ಧ ಕರಗಲು 24 ಗಂಟೆ ಬೇಕಾದವರಲ್ಲಿ ಡೋಸ್ ಕುಡಿದ ಹೊತ್ತಿಗೆ ಒಟ್ಟು 60 ಮಿ.ಗ್ರಾಂ ಆಗುವವರೆಗೆ ಏರುತ್ತದೆ, 36 ಗಂಟೆ ಬೇಕಾದವರಲ್ಲಿ ಸುಮಾರು 80ರವರೆಗೆ. ಮಟ್ಟ ನಿಲ್ಲಲು ಐದಾರು ದಿನದಿಂದ ಒಂದು ವಾರ. ಅದಕ್ಕೇ 3ರಿಂದ 5 ದಿನಕ್ಕೊಮ್ಮೆ 5–10 ಮಿ.ಗ್ರಾಂ ಮಾತ್ರ ಏರಿಸುವುದು. "ಎರಡು ದಿನವಾದರೂ ಏನೂ ಆಗಲಿಲ್ಲ" ಎಂದು ಆತುರದಲ್ಲಿ ಏರಿಸಿದಾಗ ಸಾವು ಬರುವುದು ಸಾಮಾನ್ಯವಾಗಿ ಕೆಲವು ದಿನ ಬಿಟ್ಟು, ರಾತ್ರಿ ನಿದ್ದೆಯಲ್ಲಿ.

ಎಷ್ಟು ವರ್ಷ?

ನಿಗದಿತ ಅವಧಿ ಇಲ್ಲ. ಚಿಕಿತ್ಸೆ ಕೆಲಸ ಮಾಡುತ್ತಿರುವವರೆಗೆ, ಅವನಿಗೆ ಬೇಕೆನಿಸುವವರೆಗೆ. ಬಿಡುವ ಬಯಕೆ ಅವನದೇ ಆಗಿದ್ದರೆ, ಹೇಗೆ ಬಿಟ್ಟರೆ ನಿಲ್ಲುತ್ತದೆ ಎಂಬುದಕ್ಕೆ ಅವನು ವಾಸಿಸುವ ಬ್ರಿಟಿಷ್ ಕೊಲಂಬಿಯಾದಿಂದಲೇ ಒಳ್ಳೆಯ ಅಧ್ಯಯನ ಇದೆ, 2012ರಲ್ಲಿ ಪ್ರಕಟವಾದದ್ದು. ಡೋಸ್ ಇಳಿಸಿ ನಿಲ್ಲಿಸಲು ಮಾಡಿದ 4,917 ಪ್ರಯತ್ನಗಳನ್ನು ಪರಿಶೀಲಿಸಿದರು. ಯಶಸ್ಸು ಎಂದರೆ ಕೊನೆಯ ಡೋಸ್ 5 ಮಿ.ಗ್ರಾಂ ಅಥವಾ ಕಡಿಮೆ ಇರಬೇಕು, ಆಮೇಲೆ 18 ತಿಂಗಳು ಚಿಕಿತ್ಸೆಗೆ ಮರಳಿರಬಾರದು, ಓಪಿಯಾಯ್ಡ್ ಕಾರಣಕ್ಕೆ ಆಸ್ಪತ್ರೆಗೆ ಸೇರಿರಬಾರದು, ಸತ್ತಿರಬಾರದು. ಆ ಅಳತೆಯಲ್ಲಿ ಗೆದ್ದದ್ದು ಶೇ. 13. ಗೆದ್ದವರಲ್ಲಿ ಎದ್ದು ಕಂಡದ್ದು ನಿಧಾನ. 12 ವಾರದೊಳಗೆ ಮುಗಿಸಿದವರಿಗೆ ಹೋಲಿಸಿದರೆ 52 ವಾರಕ್ಕಿಂತ ಹೆಚ್ಚು ತೆಗೆದುಕೊಂಡವರಿಗೆ ಯಶಸ್ಸಿನ ಸಾಧ್ಯತೆ ಆರು ಪಟ್ಟಿಗೂ ಮೀರಿತ್ತು. ಅದರಲ್ಲೂ ವಾರವಾರವೂ ಇಳಿಸಿದವರಿಗಿಂತ, ಸ್ವಲ್ಪ ಇಳಿಸಿ, ಹಲವು ವಾರ ನಿಂತು, ಮತ್ತೆ ಇಳಿಸಿದವರು ಮುಂದಿದ್ದರು.

ಇದನ್ನು ನಿಮ್ಮ ತಮ್ಮನಿಗೆ ಅನ್ವಯಿಸಿದರೆ ಒಂದು ಮಾದರಿ ಹೀಗಿರಬಹುದು. 90ರಿಂದ 30ರವರೆಗೆ ಎರಡು ವಾರಕ್ಕೊಮ್ಮೆ 5 ಮಿ.ಗ್ರಾಂ, ಇದಕ್ಕೆ 24 ವಾರ. 30ರಿಂದ ಕೆಳಗೆ ಮೂರು ವಾರಕ್ಕೊಮ್ಮೆ 2.5 ಮಿ.ಗ್ರಾಂ, ಇದಕ್ಕೆ 36 ವಾರ. ಎಲ್ಲೂ ತಡೆಯದಿದ್ದರೂ 60 ವಾರ ಆಯಿತು, ನಡುವೆ ನಿಲ್ಲುವುದಂತೂ ಇದ್ದೇ ಇರುತ್ತದೆ. ಕೊನೆಯ 30 ಮಿ.ಗ್ರಾಂ ಮೊದಲ 60ಕ್ಕಿಂತ ಕಠಿಣ, ಏಕೆಂದರೆ ಅಲ್ಲಿ ಅದೇ 5 ಮಿ.ಗ್ರಾಂ ಎಂದರೆ ಡೋಸ್‌ನ ದೊಡ್ಡ ಪಾಲು. ತುಡಿತ ಮರಳಿದರೆ ಒಂದು ಮೆಟ್ಟಿಲು ಮೇಲೆ ಹೋಗಿ ನಿಲ್ಲುವುದೇ ಸರಿ. ಇದನ್ನು ಅವನ ಕ್ಲಿನಿಕ್‌ನ ವೈದ್ಯರೇ ನಡೆಸಬೇಕು, ಮದುವೆ ಮನೆಯಿಂದಲ್ಲ.

"ಕೇಂದ್ರದಲ್ಲಿ ಆಪ್ತಸಮಾಲೋಚನೆ ಚೆನ್ನಾಗಿ ಕೊಡುತ್ತಾರಂತೆ" ಎಂಬ ವಾದವೂ ಬರುತ್ತದೆ. ಅದನ್ನೂ ಪರೀಕ್ಷಿಸಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದು 2000ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪಿಗೆ ಮೆಥಡೋನ್ ನಿರಂತರವಾಗಿ, ಇನ್ನೊಂದಕ್ಕೆ 180 ದಿನದಲ್ಲಿ ಬಿಡಿಸುವ ಕಾರ್ಯಕ್ರಮ, ಜೊತೆಗೆ ಹೆಚ್ಚುವರಿ ಸಮಾಲೋಚನೆ. ಚಿಕಿತ್ಸೆಯಲ್ಲಿ ಉಳಿದ ಮಧ್ಯಮ ಅವಧಿ 438.5 ದಿನ ಮತ್ತು 174 ದಿನ, ಹೆರಾಯಿನ್ ಬಳಕೆಯೂ ಮೊದಲ ಗುಂಪಿನಲ್ಲೇ ಕಡಿಮೆ. ಹಾಗೆಂದು ಸಮಾಲೋಚನೆ ವ್ಯರ್ಥ ಅಲ್ಲ. ಮೆಥಡೋನ್ ಜೊತೆಗೆ ಉದ್ಯೋಗ, ಕುಟುಂಬ, ಮನೋವೈದ್ಯಕೀಯ ನೆರವು ಕೊಟ್ಟಾಗ ಫಲ ಹೆಚ್ಚಿತು ಎಂದು ತೋರಿಸಿದ ಪ್ರಯೋಗವೂ ಇದೆ, ಹೆಚ್ಚು ವ್ಯತ್ಯಾಸ ಕಾಣದವೂ ಇವೆ. ಔಷಧದ ಜಾಗಕ್ಕೆ ಸಮಾಲೋಚನೆಯನ್ನು ತಂದು ಕೂರಿಸಿದಾಗ ಮಾತ್ರ ಫಲ ಕೆಡುತ್ತದೆ.

ಪ್ರಯಾಣಕ್ಕೆ ಮೊದಲು

ಭಾರತದಲ್ಲಿ ಮೆಥಡೋನ್ 1985ರ ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ವ್ಯಾಂಕೋವರ್‌ನ ಭಾರತೀಯ ಕಾನ್ಸುಲೇಟ್‌ಗೆ ಮೊದಲೇ ಬರೆದು ಲಿಖಿತ ಉತ್ತರ ಪಡೆದ ಮೇಲೆಯೇ ಟಿಕೆಟ್ ಕಾಯ್ದಿರಿಸಲಿ. ಕ್ಲಿನಿಕ್‌ನಿಂದ ಪತ್ರ ಬೇಕು: ಪಾಸ್‌ಪೋರ್ಟ್‌ನಲ್ಲಿರುವಂತೆ ಹೆಸರು, ಔಷಧದ ಮೂಲ ಹೆಸರು, ದಿನದ ಡೋಸ್, ಒಟ್ಟು ಪ್ರಮಾಣ, ಪ್ರಯಾಣದ ದಿನಾಂಕ, ವೈದ್ಯರ ಸಹಿ. 21 ದಿನಕ್ಕೆ ಮೂರು ದಿನ ಹೆಚ್ಚುವರಿ ಸೇರಿಸಿದರೆ 24 ಬಾಟಲಿ, 2,160 ಮಿ.ಗ್ರಾಂ. ಅಷ್ಟನ್ನು ಒಟ್ಟಿಗೆ ಮನೆಗೆ ಕೊಡಲು ಕ್ಲಿನಿಕ್ ಒಪ್ಪದಿದ್ದರೆ ವಾಸ್ತವ್ಯ ಮೊಟಕು ಮಾಡಬೇಕೇ ಹೊರತು "ಇಲ್ಲಿ ಏನಾದರೂ ವ್ಯವಸ್ಥೆ ಆಗುತ್ತದೆ" ಎಂದು ಹೊರಡಬಾರದು. ಬಾಟಲಿಗಳು ಔಷಧದಂಗಡಿಯ ಲೇಬಲ್ ಸಮೇತ ಕೈಚೀಲದಲ್ಲಿರಲಿ, ಚೆಕ್-ಇನ್ ಸಾಮಾನಿನಲ್ಲಿ ಬೇಡ.

ಸಮಯದ ವ್ಯತ್ಯಾಸ ಇಲ್ಲಿ ಅದೃಷ್ಟವಶಾತ್ ಸಲೀಸು. ಮೇ ತಿಂಗಳಲ್ಲಿ ಅಲ್ಲಿಗೂ ಇಲ್ಲಿಗೂ 12 ಗಂಟೆ 30 ನಿಮಿಷ ಅಂತರ. ಅಲ್ಲಿ ಬೆಳಗ್ಗೆ 9ಕ್ಕೆ ಕುಡಿಯುವವನು ಇಲ್ಲಿ ರಾತ್ರಿ 9.30ಕ್ಕೆ ಕುಡಿದರೆ 24 ಗಂಟೆಯ ಲಯ ಹಾಗೇ ಉಳಿಯುತ್ತದೆ. "ಇಲ್ಲಿ ಬೆಳಗಾಯಿತಲ್ಲ" ಎಂದು 12 ಗಂಟೆಗೇ ಇನ್ನೊಂದು ಡೋಸ್ ಕುಡಿಯುವುದು ನಿಜವಾದ ಅಪಾಯ.

ಬ್ರಿಟಿಷ್ ಕೊಲಂಬಿಯಾದಲ್ಲಿ 2014ರಿಂದ ಹೆಚ್ಚಾಗಿ ಕೊಡುವುದು ಮಿ.ಲೀ.ಗೆ 10 ಮಿ.ಗ್ರಾಂ ಇರುವ ಗಾಢ ದ್ರಾವಣ. ಅದಕ್ಕೆ ಮೊದಲಿದ್ದದ್ದಕ್ಕಿಂತ ಹತ್ತು ಪಟ್ಟು ಗಾಢ. ಅಂದರೆ 90 ಮಿ.ಗ್ರಾಂ ಎಂಬುದು 9 ಮಿ.ಲೀ., ಎರಡು ಟೀ ಚಮಚಕ್ಕಿಂತ ಕಡಿಮೆ. ಕೆಂಪು ಬಣ್ಣ, ಚೆರ್ರಿ ರುಚಿ, ಮಕ್ಕಳ ಕೆಮ್ಮಿನ ಔಷಧದಂತೆ ಕಾಣುತ್ತದೆ. ಪುಟ್ಟ ಮಗುವಿಗೆ 10 ಮಿ.ಗ್ರಾಂ, ಅಂದರೆ ಒಂದೇ ಮಿ.ಲೀ., ಪ್ರಾಣಾಂತಿಕವಾಗಬಹುದು. ಒಗ್ಗಿರದ ದೊಡ್ಡವರಿಗೂ ಅವನ ಒಂದು ಡೋಸ್ ಸಾಯಲು ಸಾಕು. ಮದುವೆ ಮನೆಯಲ್ಲಿ ನೆಂಟರ ಮಕ್ಕಳು ಯಾವ ಚೀಲ ಬೇಕಾದರೂ ತೆಗೆಯುತ್ತಾರೆ. ಬೀಗದ ಪೆಟ್ಟಿಗೆ, ಅದನ್ನು ಗಾದ್ರೇಜ್ ಬೀರುವಿನೊಳಗೆ ಇಟ್ಟು ಕೀಲಿ ಅವನ ಬಳಿ ಮಾತ್ರ. ಫ್ರಿಜ್‌ನಲ್ಲಿಡಬೇಡಿ, ಅದು ಎಲ್ಲರೂ ತೆಗೆಯುವ ಜಾಗ. ಖಾಲಿ ಬಾಟಲಿಯ ತಳದಲ್ಲಿ ಉಳಿದದ್ದೂ ಔಷಧವೇ, ತೊಳೆದು ಇಟ್ಟುಕೊಂಡು ವಾಪಸು ಒಯ್ಯಲಿ.

ಚೀಲ ಕಳೆದು ಡೋಸ್ ತಪ್ಪಿದರೆ? ಒಂದೆರಡು ದಿನದ ನಂತರ ಸಿಕ್ಕರೆ ಕ್ಲಿನಿಕ್‌ಗೆ ಕರೆ ಮಾಡಿ ಕೇಳಿ ಮುಂದುವರಿಸಬಹುದು. ಮೂರು ದಿನ ತಪ್ಪಿದ ಮೇಲೆ ಹಳೆಯ ಪೂರ್ಣ 90 ಅನ್ನು ತಾನಾಗಿಯೇ ಕುಡಿಯಕೂಡದು. ಐದು ದಿನ ದಾಟಿದರೆ ಸಾಮಾನ್ಯವಾಗಿ ಮೊದಲಿನಿಂದಲೇ ಸಣ್ಣ ಡೋಸ್‌ನಲ್ಲಿ ಶುರುಮಾಡಬೇಕಾಗುತ್ತದೆ. ತಪ್ಪಿದ ದಿನದ್ದನ್ನು ಸೇರಿಸಿ ಎರಡು ಡೋಸ್ ಕುಡಿಯುವುದಂತೂ ಎಂದಿಗೂ ಇಲ್ಲ. ವಾಂತಿಯಾದರೂ ಅಷ್ಟೇ, ಎಷ್ಟು ಒಳಗೆ ಹೋಗಿದೆ ಎಂದು ಹೇಳಲಾಗದು. ಕ್ಲಿನಿಕ್‌ ಕೇಳದೆ ಇನ್ನೊಂದು ಬಾಟಲಿ ತೆರೆಯಬಾರದು.

ಇಲ್ಲಿರುವಾಗ ಯಾವ ಔಷಧ ಬೇಡ

ನನ್ನ ಮಟ್ಟಿಗೆ ಇಡೀ ಪ್ರಯಾಣದಲ್ಲಿ ಹೆಚ್ಚು ಎಡವುವ ಜಾಗ ಇದು. ಇಲ್ಲಿನ ಔಷಧದಂಗಡಿಯವರಿಗೆ, ಎಷ್ಟೋ ವೈದ್ಯರಿಗೂ, ಮೆಥಡೋನ್ ರೋಗಿಯನ್ನು ಕಂಡು ರೂಢಿ ಇಲ್ಲ.

ಕಲ್ಲಿನ ನೋವು ಬಂತು, ಬೈಕಿನಿಂದ ಬಿದ್ದ ಎಂದುಕೊಳ್ಳಿ. ನಮ್ಮ ಎಷ್ಟೋ ನರ್ಸಿಂಗ್ ಹೋಮ್‌ಗಳಲ್ಲಿ ಕೈಗೆ ಸಿಗುವ ನೋವಿನ ಇಂಜೆಕ್ಷನ್ ಪೆಂಟಾಜೋಸಿನ್, ಫೋರ್ಟ್‌ವಿನ್ ಹೆಸರಿನಲ್ಲಿ ಪರಿಚಿತ. ಅದು, ಬ್ಯುಟೋರ್ಫನಾಲ್, ನ್ಯಾಲ್ಬುಫಿನ್ ಇವು ಮೂರೂ ಮೆಥಡೋನ್‌ನ ಕೆಲಸಕ್ಕೆ ಅಡ್ಡ ನಿಂತು ನಿಮಿಷಗಳಲ್ಲಿ ತೀವ್ರ ಹಿಂತೆಗೆತ ಎಬ್ಬಿಸಬಲ್ಲವು. ಬುಪ್ರಿನಾರ್ಫಿನ್ ಮಾತ್ರೆಯೂ ಹಾಗೇ. "ಅದೂ ಅದೇ ಕಾಯಿಲೆಯ ಔಷಧವಂತೆ" ಎಂದು ಯಾರೋ ನಾಲಿಗೆ ಕೆಳಗೆ ಇಡಲು ಕೊಟ್ಟರೆ, ಗ್ರಾಹಕಗಳಿಂದ ಮೆಥಡೋನ್ ಅನ್ನು ನೂಕಿ ಅದು ತಾನು ಕೂರುತ್ತದೆ, ಆದರೆ ಕೊಡುವ ಪರಿಣಾಮ ಕಡಿಮೆ. ಫಲ ಅದೇ ಸಂಕಟ. ಬದಲಾಯಿಸಲೇಬೇಕಿದ್ದರೆ ಮೆಥಡೋನ್ ಅನ್ನು 30 ಮಿ.ಗ್ರಾಂಗೆ ಇಳಿಸಿ, ಕನಿಷ್ಠ ಒಂದು ದಿನ, ಹೆಚ್ಚಾಗಿ ಎರಡು-ಮೂರು ದಿನ ಬಿಟ್ಟು, ಇಲ್ಲವೇ ಅತಿ ಸಣ್ಣ ಪ್ರಮಾಣದಿಂದ ದಿನದಿನ ಏರಿಸುತ್ತ ತಜ್ಞರೇ ಮಾಡಬೇಕು. ನೋವಿಗೆ ಸರಿಯಾದ ದಾರಿ: ದಿನದ ಮೆಥಡೋನ್ ತಪ್ಪದೆ ಮುಂದುವರಿಯಲಿ, ಜೊತೆಗೆ ಪ್ಯಾರಸಿಟಮಾಲ್, ಮೂತ್ರಪಿಂಡ ಸರಿಯಿದ್ದರೆ ಡೈಕ್ಲೋಫಿನಾಕ್‌ನಂಥವು. ಸಾಲದಿದ್ದರೆ ಅರಿವಳಿಕೆ ತಜ್ಞರ ನಿಗಾದಲ್ಲಿ ಮಾರ್ಫಿನ್‌ನಂಥ ಪೂರ್ಣ ಓಪಿಯಾಯ್ಡ್. ಮೆಥಡೋನ್ ಇದೆಯಲ್ಲ, ನೋವು ಇರಲಾರದು ಎಂಬುದು ತಪ್ಪು. ಆ ಡೋಸ್‌ಗೆ ದೇಹ ಒಗ್ಗಿಹೋಗಿದೆ, ಹೊಸ ನೋವಿಗೆ ಅದು ಸಾಲದು.

ಹೃದಯದ ವಿಷಯ. ಮೆಥಡೋನ್ ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರವನ್ನು ಉದ್ದ ಮಾಡಬಹುದು. 500 ಮಿಲಿಸೆಕೆಂಡ್ ದಾಟಿದರೆ ಹೃದಯದ ಲಯ ಕೆಟ್ಟು ಕುಸಿದು ಬೀಳುವ ಅಪಾಯ. ಶುರುವಿಗೆ ಮೊದಲು, 30 ದಿನದೊಳಗೆ, ಆಮೇಲೆ ವರ್ಷಕ್ಕೊಮ್ಮೆ, 100 ಮಿ.ಗ್ರಾಂ ದಾಟಿದಾಗ ಇಸಿಜಿ ನೋಡುವುದು ಅಮೆರಿಕದ ತಜ್ಞರು 2009ರಲ್ಲಿ ಕೊಟ್ಟ ಸಲಹೆ. ಅವನ ಕೊನೆಯ ಇಸಿಜಿಯ ಪ್ರತಿ ಜೊತೆಗಿರಲಿ. ಈಗ ಯೋಚಿಸಿ, ಮದುವೆ ಊಟದ ಮರುದಿನ ವಾಂತಿ ಭೇದಿಯಾದರೆ ನಮ್ಮಲ್ಲಿ ಬರೆದುಕೊಡುವುದು ಏನು? ಸಿಪ್ರೊಫ್ಲಾಕ್ಸಸಿನ್ ಅಥವಾ ಅಜಿತ್ರೋಮೈಸಿನ್, ಜೊತೆಗೆ ಒಂಡಾನ್‌ಸೆಟ್ರಾನ್ ಅಥವಾ ಡೊಂಪೆರಿಡೋನ್. ನಾಲ್ಕೂ ಕ್ಯೂಟಿ ಉದ್ದ ಮಾಡುವ ಗುಣದವು, ಸಿಪ್ರೊಫ್ಲಾಕ್ಸಸಿನ್ ಅಂತೂ ಮೆಥಡೋನ್ ಕರಗುವುದನ್ನೇ ತಡೆದು ರಕ್ತದಲ್ಲಿ ಅದರ ಮಟ್ಟ ಏರಿಸುತ್ತದೆ. ಮೊದಲು ಓಆರ್‌ಎಸ್. ಆಂಟಿಬಯಾಟಿಕ್ ಬೇಕೇಬೇಕಾದರೆ ಮೆಥಡೋನ್ ವಿಷಯ ಹೇಳಿ ವೈದ್ಯರೇ ಆಯ್ಕೆ ಮಾಡಲಿ. ಚರ್ಮದ ಹುಳುಕಡ್ಡಿಗೆ ಸಲೀಸಾಗಿ ಕೊಡುವ ಫ್ಲುಕೊನಜೋಲ್ ಮಾತ್ರೆಯೂ ಮಟ್ಟ ಏರಿಸುತ್ತದೆ, ಹಚ್ಚುವ ಮುಲಾಮು ಸಾಕು.

ಉಲ್ಟಾ ಕೆಲಸ ಮಾಡುವವೂ ಇವೆ. ಕ್ಷಯದ ರಿಫಾಂಪಿಸಿನ್ ಮೆಥಡೋನ್ ಅನ್ನು ಬೇಗ ಕರಗಿಸುತ್ತದೆ. ಕ್ರೀಕ್ ತಂಡ 1976ರಲ್ಲೇ ವರದಿ ಮಾಡಿದಂತೆ ರಿಫಾಂಪಿಸಿನ್ ಕೊಟ್ಟ 30 ಮೆಥಡೋನ್ ರೋಗಿಗಳಲ್ಲಿ 21 ಜನಕ್ಕೆ ಹಿಂತೆಗೆತ ಬಂತು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಕೂಡ ಹಾಗೇ.

ಇವೆಲ್ಲಕ್ಕಿಂತ ಕೆಟ್ಟದ್ದು ಮದ್ಯ ಮತ್ತು ಆಲ್ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆ. ಹಳೆಯ ಬೆನ್ನುನೋವಿಗೆಂದು ಯಾರಾದರೂ ಪ್ರೆಗಬಾಲಿನ್, ಗ್ಯಾಬಪೆಂಟಿನ್ ಬರೆದರೂ ಎಚ್ಚರ. ಇವೆಲ್ಲ ಮೆಥಡೋನ್ ಜೊತೆ ಸೇರಿ ಉಸಿರಾಟ ತಗ್ಗಿಸುತ್ತವೆ. ಮಲಬದ್ಧತೆ ಮಾತ್ರ ಅಪಾಯವಿಲ್ಲದ, ಆದರೆ ಬಿಡದ ಕಾಟ. ಇಸಬ್‌ಗೋಲ್ ಒಂದೇ ಸಾಲದು, ಕರುಳು ಚಲಿಸುವಂತೆ ಮಾಡುವ ಬಿಸಾಕೊಡಿಲ್ ಅಥವಾ ಸೋನಾಮುಖಿ ಬೇಕಾಗುತ್ತದೆ. ಬಾಯಿ ಒಣಗುವುದರಿಂದ, ಸಿಹಿ ದ್ರಾವಣದಿಂದ ಹಲ್ಲು ಬೇಗ ಹುಳುಕಾಗುತ್ತವೆ, ಕುಡಿದ ಮೇಲೆ ಬಾಯಿ ಮುಕ್ಕಳಿಸಲಿ.

ಕರ್ನಾಟಕದಲ್ಲಿ ಇರುವುದು ಏನು

ಭಾರತದಲ್ಲಿ ಈ ಬಗೆಯ ಚಿಕಿತ್ಸೆ ನಡೆಯುವುದು ಮುಖ್ಯವಾಗಿ ಬುಪ್ರಿನಾರ್ಫಿನ್‌ನಿಂದ. ಮೆಥಡೋನ್ 2012ರಲ್ಲಿ ಪ್ರಾಯೋಗಿಕವಾಗಿ ಕೆಲವೇ ಸರ್ಕಾರಿ ಆಸ್ಪತ್ರೆಗಳಲ್ಲಿ ಶುರುವಾಯಿತು, 2014ರ ಕಾಯ್ದೆ ತಿದ್ದುಪಡಿಯ ನಂತರ ಅಗತ್ಯ ಮಾದಕ ಔಷಧಗಳ ಪಟ್ಟಿಗೂ ಸೇರಿತು. ಆದರೂ ದಾವಣಗೆರೆಯಲ್ಲಿ ಚೀಟಿ ತೋರಿಸಿ ಕೊಳ್ಳುವ ಔಷಧ ಅದಲ್ಲ. ತಜ್ಞರ ನೆರವು ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ ಇದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಮತ್ತು ವ್ಯಸನಕ್ಕೇ ಮೀಸಲಾದ 14446 ಎರಡೂ ಉಚಿತ ಕರೆಗಳು.

ಬುಪ್ರಿನಾರ್ಫಿನ್ ಕಡಿಮೆ ದರ್ಜೆಯದು ಅಂತಲ್ಲ. ಅದರಲ್ಲಿ ಓವರ್‌ಡೋಸ್ ಅಪಾಯ ಕಡಿಮೆ, ಹೃದಯದ ತೊಂದರೆ ಕಡಿಮೆ. ಆದರೆ ರೋಗಿ ಚಿಕಿತ್ಸೆಯಲ್ಲಿ ಉಳಿಯುವುದರಲ್ಲಿ ಮೆಥಡೋನ್ ಸ್ವಲ್ಪ ಮುಂದು. ಬ್ರಿಟಿಷ್ ಕೊಲಂಬಿಯಾದಲ್ಲಿ ಹೊಸದಾಗಿ ಚಿಕಿತ್ಸೆ ಶುರುಮಾಡಿದ 30,891 ಜನರ ದಾಖಲೆ ನೋಡಿ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 24 ತಿಂಗಳೊಳಗೆ ಔಷಧ ನಿಲ್ಲಿಸಿದವರು ಬುಪ್ರಿನಾರ್ಫಿನ್‌ನಲ್ಲಿ ಶೇ. 88.8, ಮೆಥಡೋನ್‌ನಲ್ಲಿ ಶೇ. 81.5. ಎರಡೂ ಅಂಕಿ ನಿರಾಶೆ ತರುವಂಥವೇ, ಫೆಂಟನಿಲ್ ಕಾಲದ ಕಷ್ಟ ಅದು. ಒಂದೂವರೆ ವರ್ಷ ಬಿಡದೆ ನಡೆಸಿಕೊಂಡು ಬಂದ ನಿಮ್ಮ ತಮ್ಮ ಎಷ್ಟು ಜನರ ಪೈಕಿ ಒಬ್ಬ ಎಂದು ಅಪ್ಪಾಜಿಯವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಅಂಕಿ ಇಲ್ಲ.

ಅವನ ಒಪ್ಪಿಗೆ ಇಲ್ಲದೆ ಕೇಂದ್ರಕ್ಕೆ ಹಾಕುವ ವಿಚಾರ ಇದ್ದರೆ ಕಾನೂನನ್ನೂ ನೆನಪಿಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕವಸ್ತು ಬಳಕೆಯಿಂದ ಬರುವ ಸ್ಥಿತಿಗಳನ್ನೂ ಒಳಗೊಳ್ಳುತ್ತದೆ. ಅದರಂತೆ ಕೇಂದ್ರ ನೋಂದಣಿಯಾಗಿರಬೇಕು, ವಯಸ್ಕನನ್ನು ಮನೆಯವರ ಮಾತಿನ ಮೇಲಷ್ಟೇ ಕೂಡಿಹಾಕುವಂತಿಲ್ಲ. ಮೆಥಡೋನ್ ಏನೆಂದು ತಿಳಿಯದ ಜಾಗದಲ್ಲಿ 90 ಮಿ.ಗ್ರಾಂ ಅನ್ನು ಒಂದೇ ದಿನ ನಿಲ್ಲಿಸಿದರೆ ಎರಡನೇ ಮೂರನೇ ದಿನ ಶುರುವಾಗುವ ವಾಂತಿ, ಭೇದಿ, ನಿದ್ರಾಹೀನತೆ ಎರಡು-ಮೂರು ವಾರ ಎಳೆಯುತ್ತದೆ. ಅಷ್ಟು ಹೊತ್ತಿಗೆ ಅವನ ವಾಪಸು ಟಿಕೆಟ್‌ನ ದಿನ ಬಂದಿರುತ್ತದೆ.

ಕೊನೆಯದಾಗಿ ನ್ಯಾಲಾಕ್ಸೋನ್, ಓಪಿಯಾಯ್ಡ್ ಓವರ್‌ಡೋಸ್ ಆದಾಗ ಅದರ ಪರಿಣಾಮ ಇಳಿಸುವ ಔಷಧ. ಬ್ರಿಟಿಷ್ ಕೊಲಂಬಿಯಾದಲ್ಲಿ 2012ರಿಂದ ಇದನ್ನು ಮನೆಗೆ ಉಚಿತವಾಗಿ ಕೊಡುವ ಕಾರ್ಯಕ್ರಮ ಇದೆ, ಅವನು ಒಂದು ಕಿಟ್ ತರಲಿ, ಬಂದ ದಿನವೇ ನಿಮಗೂ ಮನೆಯ ಇನ್ನೊಬ್ಬರಿಗೂ ಬಳಸುವುದನ್ನು ತೋರಿಸಲಿ. ಎಬ್ಬಿಸಿದರೂ ಏಳದೆ, ಗಂಟಲಲ್ಲಿ ಗೊರಗೊರ ಶಬ್ದ ಬಂದು, ಉಸಿರು ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆಯಾಗಿ, ತುಟಿ ನೀಲಿಯಾದರೆ 108ಕ್ಕೆ ಕರೆ ಮಾಡಿ, ನ್ಯಾಲಾಕ್ಸೋನ್ ಕೊಟ್ಟು, ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಿರಿ. ಎಚ್ಚರವಾದ ಎಂದು ಆಸ್ಪತ್ರೆಗೆ ಹೋಗದೆ ಇರಬೇಡಿ. ನ್ಯಾಲಾಕ್ಸೋನ್‌ನ ಕೆಲಸ 30ರಿಂದ 90 ನಿಮಿಷ, ಮೆಥಡೋನ್‌ನದು ಒಂದು ದಿನಕ್ಕೂ ಮೇಲು. ಮೊದಲನೆಯದು ಇಳಿದ ಕೂಡಲೆ ಉಸಿರು ಮತ್ತೆ ಕುಗ್ಗಬಹುದು, ಹಾಗಾಗಿ ಕನಿಷ್ಠ 24 ಗಂಟೆ ಆಸ್ಪತ್ರೆಯ ನಿಗಾ ಬೇಕು.